ಕ್ಯಾನ್ಸರ್ ಇರುವ ಮನೆಯವರು ಜೊತೆಗಾರರನ್ನು ಕಂಡುಕೊಳ್ಳುವ ಬಗೆ

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ವೈದ್ಯರು ಚಿಕಿತ್ಸೆಯ ದಾರಿ ತಿಳಿಸುತ್ತಾರೆ, ಬಂಧುಗಳು ಧೈರ್ಯ ಹೇಳುತ್ತಾರೆ. ಆದರೆ ಬಾಯಿ ತುಂಬ ಹುಣ್ಣಾದವರಿಗೆ ರಾತ್ರಿ ಏನು ಉಣಿಸಬೇಕು, ತಲೆಗೂದಲು ಉದುರಿದ ದಿನ ಮಕ್ಕಳಿಗೆ ಏನು ಹೇಳಬೇಕು ಎಂಬುದನ್ನು ಚೆನ್ನಾಗಿ ಬಲ್ಲವರು ಅದೇ ಕಷ್ಟವನ್ನು ಉಂಡವರು. ಅವ್ವನ ಬಾಯಿಯ ಕ್ಯಾನ್ಸರಿಗಾಗಿ ಗದಗ ಜಿಲ್ಲೆಯ ನಮ್ಮ ಊರಿನಿಂದ ಹುಬ್ಬಳ್ಳಿಗೆ ಓಡಾಡಿದ ತಿಂಗಳುಗಳಲ್ಲಿ ಅಂಥವರು ನಮಗೆ ಸಿಕ್ಕರು. ಅವರನ್ನು ಹುಡುಕಲು ನಾನು ತಡಮಾಡಿದೆ; ನೀವು ತಡಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹುಡುಕಬೇಕಾದ ಜಾಗ ವಿಕಿರಣ ಚಿಕಿತ್ಸೆಯ ವಿಭಾಗದ ಹೊರಗಿನ ಬೆಂಚು. ಕಿಮೋಥೆರಪಿಗೆ ಹಲವರು ಮೂರು ವಾರಕ್ಕೊಮ್ಮೆ ಬಂದು ಹೋಗುವುದರಿಂದ ಅಲ್ಲಿ ಒಂದೇ ಮುಖ ಮತ್ತೆ ಕಾಣುವುದು ಅಪರೂಪ. ವಿಕಿರಣ ಚಿಕಿತ್ಸೆಯನ್ನು, ನಮ್ಮ ಜನರ ಮಾತಿನಲ್ಲಿ ‘ಕರೆಂಟ್’ ಕೊಡುವುದನ್ನು, ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ನಡೆಸುತ್ತಾರೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಅದು 6–7 ವಾರವೂ ಆಗುತ್ತದೆ. ಹೀಗಾಗಿ ಹುಬ್ಬಳ್ಳಿಯ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಂಥ ಕಡೆ ಹಾವೇರಿಯವರು, ಗದಗಿನವರು, ಧಾರವಾಡದವರು ದಿನಾಲೂ ಅದೇ ಹೊತ್ತಿಗೆ ಅಕ್ಕಪಕ್ಕದಲ್ಲಿ ಕೂರುತ್ತಾರೆ. “ಅಕ್ಕಾರ, ನಿಮ್ಮ ಮನಿಯವರಿಗೆ ಇದು ಎಷ್ಟನೇ ಕರೆಂಟ್?” ಎಂಬ ಒಂದು ಪ್ರಶ್ನೆ ಸಾಕು. ನಮ್ಮನ್ನು ಹಾಗೆ ಮಾತಾಡಿಸಿದ ಹಾವೇರಿ ಕಡೆಯ ಒಬ್ಬ ತಾಯಿ ರೊಟ್ಟಿಯ ಬದಲು ಖಾರವಿಲ್ಲದ ನುಚ್ಚನ್ನು ಮಜ್ಜಿಗೆಯಲ್ಲಿ ತೆಳ್ಳಗೆ ಕಲಸಿ ತಣ್ಣಗಾದ ಮೇಲೆ ಕೊಡುವುದನ್ನು ಹೇಳಿಕೊಟ್ಟರು. ವೈದ್ಯರನ್ನು ಕೇಳಿಯೇ ನಾವು ಅದನ್ನು ಮಾಡಿದೆವು, ಅವ್ವ ಉಂಡಳು.

ಬೆಂಚಿನಲ್ಲಿ ಯಾರೂ ಸಿಗದಿದ್ದರೆ ವಾರ್ಡಿನ ನರ್ಸ್ ಅಥವಾ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಬೇಕು. ಆಗ “ಯಾರಾದರೂ ಇದ್ದಾರೆಯೇ” ಎನ್ನುವುದಕ್ಕಿಂತ, “ದವಡೆಯ ಶಸ್ತ್ರಚಿಕಿತ್ಸೆ ಮುಗಿದು ವರ್ಷ ಕಳೆದವರು, ಮಾತಾಡಲು ಒಪ್ಪುವವರು ಇದ್ದರೆ ಅವರಿಗೆ ನನ್ನ ನಂಬರ್ ಕೊಡಿ” ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಅವರ ನಂಬರನ್ನು ನೀವು ಕೇಳಬೇಡಿ. ಬೇರೆ ರೋಗಿಯ ವಿವರ ಕೊಡಲು ಸಿಬ್ಬಂದಿಗೆ ಆಗುವುದಿಲ್ಲ. ಸ್ತನ ತೆಗೆಸಿಕೊಂಡವರಿಗೆ ಸ್ತನ ತೆಗೆಸಿಕೊಂಡವರೇ, ಹೊಟ್ಟೆಯ ಮೇಲೆ ಮಲದ ಚೀಲ ಹಾಕಿಸಿಕೊಂಡವರಿಗೆ ಅಂಥವರೇ ಸಿಕ್ಕರೆ, ಬೇರೆಯವರೆದುರು ಬಾಯಿಗೆ ಬಾರದ ಮಾತು ಅಲ್ಲಿ ಬರುತ್ತದೆ.

ಆರೈಕೆ ಮಾಡುವವರಿಗೂ ಬೇರೆಯಾಗಿ ಒಬ್ಬ ಜೊತೆಗಾರರು ಬೇಕು. ನಿದ್ದೆಗೆಟ್ಟ ಮಗಳು ತನ್ನ ಸಿಟ್ಟನ್ನೂ ದಣಿವನ್ನೂ ರೋಗಿಯ ಮುಂದೆ ಹೇಳಿಕೊಳ್ಳಲಾರಳು, ಅದನ್ನು ಇನ್ನೊಬ್ಬ ಮಗಳ ಮುಂದೆ ಹೇಳಿಕೊಳ್ಳಬಲ್ಲಳು. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ರೋಗಿಗೆ ರೋಗದ ಹೆಸರನ್ನೇ ಹೇಳಿರುವುದಿಲ್ಲ, ‘ಗಡ್ಡೆ’ ಎಂದಷ್ಟೇ ಹೇಳಿರುತ್ತಾರೆ. ಆದ್ದರಿಂದ ಪಕ್ಕದವರೊಡನೆ ಮಾತಿಗೆ ಇಳಿಯುವ ಮೊದಲು ಅವರ ರೋಗಿಗೆ ಏನು ಗೊತ್ತಿದೆ ಎಂದು ಮೆಲ್ಲಗೆ ವಿಚಾರಿಸಬೇಕು. ನನ್ನ ಅಭಿಪ್ರಾಯದಲ್ಲಿ ಮುಚ್ಚಿಡುವುದು ರೋಗಿಯನ್ನು ಒಂಟಿಯಾಗಿಸುತ್ತದೆ, ಆದರೆ ಇನ್ನೊಬ್ಬರ ಮನೆಯ ಗುಟ್ಟನ್ನು ಬಿಚ್ಚುವ ಹಕ್ಕು ನಮಗಿಲ್ಲ.

ಇನ್ನೊಬ್ಬರ ಅನುಭವ ಕೇಳುವಾಗ ಔಷಧದ ಪ್ರಮಾಣವನ್ನೂ ಬದುಕುಳಿಯುವ ಲೆಕ್ಕವನ್ನೂ ಹೋಲಿಸಬೇಡಿ, ಏಕೆಂದರೆ ಒಂದೇ ಅಂಗದ ಕ್ಯಾನ್ಸರ್ ಕೂಡ ಬಗೆ ಮತ್ತು ಹಂತಕ್ಕೆ ತಕ್ಕಂತೆ ಬೇರೆಯಾಗಿ ನಡೆದುಕೊಳ್ಳುತ್ತದೆ. ಚಿಕಿತ್ಸೆ ನಿಲ್ಲಿಸಿ ನಾಟಿ ಔಷಧಿಗೆ ಬನ್ನಿ ಎನ್ನುವವರಿಂದ, ಹಣ ಕೇಳುವವರಿಂದ ದೂರವಿರಿ. ಊಟ, ಓಡಾಟ, ಕಾಗದಪತ್ರಗಳ ವಿಷಯ ಎಷ್ಟು ಕೇಳಿದರೂ ಲಾಭವೇ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆಯೆಂಬುದು ಹಲವರಿಗೆ ಗೊತ್ತು. ಯಾವ ಕಾಗದವನ್ನು ಯಾವ ಕಿಟಕಿಯಲ್ಲಿ ಕೊಡಬೇಕೆಂಬುದನ್ನು ಹಿಂದಿನ ವಾರ ಅಲ್ಲಿ ನಿಂತು ಬಂದವರು ಹೇಳುತ್ತಾರೆ. ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಸಿಗುವ ರೈಲು ರಿಯಾಯಿತಿಯ ಅರ್ಜಿಯ ವಿಷಯ ನಮಗೆ ತಿಳಿದದ್ದೂ ಬೆಂಚಿನಲ್ಲಿಯೇ.

ಚಿಕಿತ್ಸೆ ಮುಗಿದು ಊರಿಗೆ ಮರಳಿದ ಮೇಲೆ ಬೆಂಚು ತಪ್ಪಿಹೋಗುತ್ತದೆ. ಅದಕ್ಕೆ ಮೊದಲೇ ನಾಲ್ಕೈದು ಮನೆಯವರು ನಂಬರ್ ಹಂಚಿಕೊಂಡು, ತಿಂಗಳಿಗೊಮ್ಮೆ ಒಂದು ಶಾಲೆಯ ಕೋಣೆಯಲ್ಲೋ ಮಠದ ಪಡಸಾಲೆಯಲ್ಲೋ ಸೇರಬಹುದು. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲದಿರುವುದು ಇದಕ್ಕೆ ಅನುಕೂಲ. ವಾಟ್ಸಾಪ್ ಗುಂಪು ಮಾಡಿದರೆ ರೋಗಿಗಳ ಫೋಟೊ, ವರದಿ ಹಾಕದಿರುವುದನ್ನು ಮೊದಲ ದಿನವೇ ಮಾತಾಡಿಕೊಳ್ಳಬೇಕು. ಕ್ಯಾನ್ಸರ್ ಅಂಟುವ ರೋಗವಲ್ಲವಾದರೂ ಬೇರೆ ಲೋಟ ಇಡುವ ಮನೆಗಳು ಇನ್ನೂ ಇವೆ. ಗುಂಪಿನಲ್ಲಿ ಎಲ್ಲರಿಗೂ ಒಂದೇ ಪಾತ್ರೆಯಿಂದ ಚಹಾ ಹಂಚಿ.

ನಿದ್ದೆ, ಊಟ ಬಿಟ್ಟು ಬದುಕೇ ಬೇಡವೆನ್ನುವ ಸ್ಥಿತಿ ಯಾರಿಗಾದರೂ ಬಂದರೆ ಜೊತೆಗಾರರ ಮಾತಷ್ಟೇ ಸಾಲದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಧಾರವಾಡದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಡಿಮ್ಹಾನ್ಸ್, ಇದೆ.

ಗುಂಪಿನಲ್ಲಿ ಒಬ್ಬರು ತೀರಿಕೊಂಡಾಗ ಉಳಿದವರು ಹೆದರಿ ಆ ಮನೆಗೆ ಫೋನ್ ಮಾಡುವುದನ್ನು ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ದಿನಕರ್ಮ ಮುಗಿದು ನೆಂಟರು ಹೋದ ಮೇಲೆ ಒಬ್ಬರು ಮಾತಾಡಿಸಿ, ಮುಂದಿನ ತಿಂಗಳ ಸಭೆಗೆ ಅವರನ್ನೂ ಕರೆಯಿರಿ.