ಅರ್ಕಾವತಿಯಲ್ಲಿ ಕರಗಿದ ಇಂಗಾಲ: ಕಾಡಿನದೋ, ಹೊಲದ್ದೋ, ಚರಂಡಿಯದೋ?

ಕನಕಪುರದಾಚೆ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿಗೆ ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆಯೂ ಬರುತ್ತದೆ. ನೀರಿನಲ್ಲಿ ಕರಗಿದ ಸಾವಯವ ಇಂಗಾಲದ ಮೂಲ ಹುಡುಕುವವರು ನದಿಗಿಂತ ಮೊದಲು ಮೂಲಗಳ ಮಾದರಿ ತೆಗೆಯಬೇಕು: ವೃಷಭಾವತಿ, ಕೊಳಚೆ ಸೇರದ ಕಾಡುಹಳ್ಳ, ರಾಗಿ ಹೊಲದಿಂದ ಹರಿದ ಮಳೆನೀರು, ಪಾಚಿಗಟ್ಟಿದ ಕೆರೆ. ಇವುಗಳ ಅಳತೆ ಇಲ್ಲದಿದ್ದರೆ ನದಿಯ ಅಂಕಿಯಿಂದ ಏನೂ ತಿಳಿಯದು. ಬೇಸಿಗೆಯಲ್ಲೊಮ್ಮೆ, ಮುಂಗಾರಿನ ಮೊದಲ ನೆರೆಯಲ್ಲೊಮ್ಮೆ ತೆಗೆಯಿರಿ.

0.7 ಮೈಕ್ರಾನ್ ಗ್ಲಾಸ್ ಫೈಬರ್ ಫಿಲ್ಟರ್‌ಗಳನ್ನೂ ಕಂದು ಗಾಜಿನ ಬಾಟಲಿಗಳನ್ನೂ 450 ಡಿಗ್ರಿಯಲ್ಲಿ 4 ಗಂಟೆ ಸುಡಿ. ನದಿ ದಡದಲ್ಲೇ ಸೋಸಿ, ಮೊದಲ 50 ಮಿಲೀ ಚೆಲ್ಲಿಬಿಡಿ. ತಡವಾದರೆ ಬಿಸಿಲಿಗೆ ಬ್ಯಾಕ್ಟೀರಿಯಾಗಳು ಕೊಳಚೆಯ ಗುರುತನ್ನೇ ತಿಂದು ಹಾಕುತ್ತವೆ. ಇಂಗಾಲ ಅಳೆಯುವ ಬಾಟಲಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 2ಕ್ಕೆ ಇಳಿಸಿ. ಫ್ಲೋರೆಸೆನ್ಸ್ (ಬೆಳಕು ಹೀರಿದ ನೀರು ಮರಳಿ ಸೂಸುವ ಬೆಳಕು) ಅಳೆಯುವ ಬಾಟಲಿಗೆ ಆಮ್ಲ ಬೇಡ, ಫ್ರೀಜರ್ ಕೂಡ ಬೇಡ. 4 ಡಿಗ್ರಿಯಲ್ಲಿ ಕತ್ತಲಲ್ಲಿಟ್ಟು ಆದಷ್ಟು ಬೇಗ ಅಳೆಯಿರಿ. ಶುದ್ಧ ನೀರನ್ನೂ ಹೀಗೆಯೇ ಸೋಸಿ ಖಾಲಿ ಮಾದರಿಯಾಗಿಟ್ಟುಕೊಳ್ಳಿ.

254 ನ್ಯಾನೊಮೀಟರ್ ತರಂಗಾಂತರದಲ್ಲಿ 1 ಸೆಂಮೀ ಕೋಶದ ಅಬ್ಸಾರ್ಬೆನ್ಸ್ (ನೀರು ಎಷ್ಟು ಬೆಳಕು ಹೀರುತ್ತದೆಂಬ ಅಳತೆ) ಅನ್ನು 100ರಿಂದ ಗುಣಿಸಿ ಇಂಗಾಲದ ಮಿಗ್ರಾಂ/ಲೀಟರ್‌ನಿಂದ ಭಾಗಿಸಿ. 0.12 ಅಬ್ಸಾರ್ಬೆನ್ಸ್, 4 ಮಿಗ್ರಾಂ ಇಂಗಾಲವಿದ್ದರೆ ಉತ್ತರ 3. ಇದು 4ರ ಆಚೆಗಿದ್ದರೆ ಮಣ್ಣು, ತರಗೆಲೆಯ ಪಾಲು ಹೆಚ್ಚು. 2ರ ಕೆಳಗಿದ್ದರೆ ಪಾಚಿ ಅಥವಾ ಸೂಕ್ಷ್ಮಜೀವಿಗಳದ್ದು. ಕೆಂಪುಮಣ್ಣಿನ ನೀರಿನಲ್ಲಿ ಕಬ್ಬಿಣವೂ ಬೆಳಕು ಹೀರಿ ಅಂಕಿಯನ್ನು ಉಬ್ಬಿಸುತ್ತದೆ, ಅದನ್ನೂ ಅಳೆದು ಕಳೆಯಿರಿ. ಫ್ಲೋರೆಸೆನ್ಸ್‌ನಲ್ಲಿ 275 ನ್ಯಾನೊಮೀಟರ್ ಬೆಳಕಿನಿಂದ ಪ್ರಚೋದಿಸಿ 340 ನ್ಯಾನೊಮೀಟರ್ ಸುತ್ತ ಕಾಣುವ ಪ್ರೋಟೀನ್ ಶಿಖರ ಕೊಳಚೆಯ ಪ್ರಬಲ ಸುಳಿವು. ಪಾಚಿಯೂ ಇದೇ ಶಿಖರ ಕೊಡುವುದರಿಂದ, ಅನುಮಾನವಿದ್ದಲ್ಲಿ ಸುಕ್ರಲೋಸ್ ಪರೀಕ್ಷಿಸಿ. ಆ ಕೃತಕ ಸಿಹಿ ಮನುಷ್ಯರ ಚರಂಡಿಯಿಂದಲೇ ಬರುವಂಥದ್ದು. ಅಬ್ಸಾರ್ಬೆನ್ಸ್ 0.3 ದಾಟಿದ ನೀರನ್ನು ತೆಳುಮಾಡಿ ಅಳೆಯಿರಿ, ಇಲ್ಲವಾದರೆ ನೀರೇ ತನ್ನ ಬೆಳಕನ್ನು ನುಂಗಿ ಶಿಖರ ಕುಗ್ಗುತ್ತದೆ.

ಇಂಗಾಲ-13 (ಇಂಗಾಲದ ಭಾರವಾದ ರೂಪ) ಎಷ್ಟಿದೆ ಎಂಬ ಪರೀಕ್ಷೆಗೆ ಮುನ್ನ ಆಮ್ಲ ಹಾಕಿದ ನೀರಿಗೆ ಸಾರಜನಕ ಹಾಯಿಸಿ ಬೈಕಾರ್ಬೊನೇಟ್ ಓಡಿಸಿ. ಬಯಲುಸೀಮೆಯ ನೀರಲ್ಲಿ ಇದನ್ನು ಬಿಟ್ಟರೆ ಫಲಿತಾಂಶ ಕೆಟ್ಟಂತೆಯೇ. ಕಾಡಿನ ಮರ, ಭತ್ತದ ಇಂಗಾಲ ಸುಮಾರು ಮೈನಸ್ 27 ಪರ್ಮಿಲ್ (ಸಾವಿರದಲ್ಲಿ ಭಾಗ). ರಾಗಿ, ಜೋಳ, ಕಬ್ಬಿನದು ಮೈನಸ್ 13. ನದಿಯಲ್ಲಿ ಮೈನಸ್ 23 ಬಂದರೆ ಮೈನಸ್ 27ರಿಂದ ಅದರ ಅಂತರವಾದ 4ನ್ನು, ಎರಡು ಗುಂಪುಗಳ ಅಂತರವಾದ 14ರಿಂದ ಭಾಗಿಸಿ: ರಾಗಿ, ಕಬ್ಬಿನ ಗುಂಪಿನ ಪಾಲು ಸುಮಾರು 29%. ಆದರೆ ಇದನ್ನು ನೇರವಾಗಿ ಹೊಲದ ಲೆಕ್ಕಕ್ಕೆ ಬರೆಯಬೇಡಿ. ಮುದ್ದೆ ಉಂಡ ಊರಿನ ಚರಂಡಿಯಲ್ಲೂ ರಾಗಿಹುಲ್ಲು ಮೆಂದ ದನದ ಸಗಣಿಯಲ್ಲೂ ಇದೇ ಗುರುತಿರುತ್ತದೆ. ಪ್ರೋಟೀನ್ ಶಿಖರ ಮತ್ತು ಸುಕ್ರಲೋಸ್ ಎರಡೂ ಕಡಿಮೆಯಿದ್ದ ಕಡೆ ಮಾತ್ರ ಚರಂಡಿಯನ್ನು ಬದಿಗಿಡಬಹುದು. ಸಗಣಿಯನ್ನು ಆಗಲೂ ಬೇರೆಯಾಗಿ ಅಳೆಯಲೇಬೇಕು.