ಕಡಲ ಮರಳಿನ ಮೇಲೆ ಹಳೆಯ ಹಾಟ್ ರಾಡ್‌ಗಳ ಓಟ: ನೋಡಿ ಸವಿಯುವ ಬಗೆ

ಹಳೆಯ ಕಾರನ್ನು ಹಗುರಗೊಳಿಸಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ ಮಾಡಿದ ಹಾಟ್ ರಾಡ್‌ಗಳ ಕಡಲತೀರದ ಓಟಕ್ಕೆ ಹೊರಡುವವರು ಮೊದಲು ನೋಡಬೇಕಾದದ್ದು ಕಾರುಗಳ ಪಟ್ಟಿಯನ್ನಲ್ಲ, ಉಬ್ಬರವಿಳಿತದ ವೇಳಾಪಟ್ಟಿಯನ್ನು. ಈ ಓಟದ ಹಾದಿಯನ್ನು ಯಾವ ಗುತ್ತಿಗೆದಾರನೂ ಹಾಸಿರುವುದಿಲ್ಲ. ಸಮುದ್ರವೇ ಅದನ್ನು ದಿನಕ್ಕೆ ಎರಡು ಬಾರಿ ತೊಳೆದು, ಒತ್ತಿ, ಸಮ ಮಾಡಿ ಬಿಟ್ಟುಕೊಡುತ್ತದೆ ಮತ್ತು ಕೆಲವೇ ಗಂಟೆಗಳಲ್ಲಿ ಹಿಂದಕ್ಕೆ ಪಡೆಯುತ್ತದೆ. ಕಾರು ಎಷ್ಟು ವೇಗವಾಗಿ ಹೋಗುತ್ತದೆ, ಚಾಲಕ ಯಾವ ಗೆರೆ ಹಿಡಿಯುತ್ತಾನೆ, ಪ್ರೇಕ್ಷಕ ಎಲ್ಲಿ ನಿಲ್ಲಬೇಕು, ಓಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬ ಎಲ್ಲ ಪ್ರಶ್ನೆಗಳಿಗೂ ಉತ್ತರ ಮರಳಿನಲ್ಲಿದೆ. ಮರಳನ್ನು ಓದಲು ಕಲಿತವರಿಗೆ ಓಟದ ಸ್ವಾರಸ್ಯ ಇಮ್ಮಡಿಯಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಾರುಗಳಿಗಿಂತ ಮೊದಲು ಮರಳಿನ ಮಾತು ಬರುತ್ತದೆ.

ಇಂತಹ ಓಟಗಳು ನಡೆಯುವ ಜಾಗಗಳು ಹೆಚ್ಚಿಲ್ಲ. ಬ್ರಿಟನ್ನಿನ ವೇಲ್ಸ್‌ನ ಕಾರ್ಮಾರ್ದೆನ್‌ಶೈರ್ ಪ್ರಾಂತ್ಯದ ಪೆಂಡೈನ್ ಸ್ಯಾಂಡ್ಸ್‌ನಲ್ಲಿ ವಿಂಟೇಜ್ ಹಾಟ್ ರಾಡ್ ಅಸೋಸಿಯೇಷನ್ 2013ರಿಂದ ಹವ್ಯಾಸಿಗಳ ಓಟವನ್ನು ನಡೆಸಿಕೊಂಡು ಬಂದಿದೆ. ಅಮೆರಿಕದ ನ್ಯೂಜೆರ್ಸಿಯ ವೈಲ್ಡ್‌ವುಡ್‌ನಲ್ಲಿ ‘ದ ರೇಸ್ ಆಫ್ ಜೆಂಟಲ್‌ಮೆನ್’ ಎಂಬ ಓಟವೂ ಡೆನ್ಮಾರ್ಕಿನ ರೋಮೊ ದ್ವೀಪದಲ್ಲಿ ಒಂದು ಮೋಟಾರು ಉತ್ಸವವೂ ನಡೆಯುತ್ತವೆ. ಈ ಎರಡರಲ್ಲೂ ಎರಡೆರಡು ವಾಹನಗಳು ಜೊತೆಯಾಗಿ, ಮೈಲಿಯ ಎಂಟನೆಯ ಒಂದು ಭಾಗದಷ್ಟು, ಅಂದರೆ ಸುಮಾರು 200 ಮೀಟರ್ ದೂರ ಓಡುತ್ತವೆ. ಪೆಂಡೈನ್‌ನ ಮರಳು 7 ಮೈಲಿ ಉದ್ದಕ್ಕೆ ಚಾಚಿಕೊಂಡಿರುವುದರಿಂದ ಅಲ್ಲಿ ಕಾರುಗಳಿಗೆ ವೇಗ ಕೂಡಿಸಿಕೊಳ್ಳಲು ಬೇಕಾದಷ್ಟು ಜಾಗ ಸಿಗುತ್ತದೆ. ನಾನು ಮುಂದೆ ಹೇಳುವುದರಲ್ಲಿ ಹೆಚ್ಚಿನದು ಪೆಂಡೈನ್‌ಗೆ ಸಂಬಂಧಿಸಿದ್ದು.

ಉಬ್ಬರವಿಳಿತ ಮತ್ತು ಮರಳು

ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಸುಮಾರು ಆರು ಗಂಟೆಗಳ ಅಂತರವಿರುತ್ತದೆ ಮತ್ತು ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಎರಡು ದಿನಗಳ ಓಟವಾದರೆ, ಮೊದಲ ದಿನದ ಹೊತ್ತನ್ನೇ ನೆಚ್ಚಿಕೊಂಡು ಎರಡನೆಯ ದಿನದ ಯೋಜನೆ ಹಾಕಬಾರದು. ಹುಣ್ಣಿಮೆ ಮತ್ತು ಅಮಾವಾಸ್ಯೆ ಕಳೆದ ಒಂದೆರಡು ದಿನಗಳಲ್ಲಿ ನೀರು ಅತಿ ದೂರ ಹಿಂದೆ ಸರಿಯುತ್ತದೆ. ಅಂತಹ ದಿನಗಳಲ್ಲಿ ಪೆಂಡೈನ್ ಇರುವ ಕಾರ್ಮಾರ್ದೆನ್ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ವ್ಯತ್ಯಾಸ ಏಳು ಮೀಟರ್ ದಾಟುವುದುಂಟು. ಇಳಿಜಾರು ತೀರ ಕಡಿಮೆ ಇರುವ ತೀರದಲ್ಲಿ ಇದರ ಅರ್ಥ, ನೂರಾರು ಮೀಟರ್ ಅಗಲದ ಹೊಸ ನೆಲ ತೆರೆದುಕೊಳ್ಳುತ್ತದೆ ಎಂದು. ಆದರೆ ಅದೇ ನೀರು ಹಿಂದಿರುಗುವಾಗಲೂ ಅಷ್ಟೇ ವೇಗವಾಗಿ ಬರುತ್ತದೆ. ಸಂಘಟಕರು ಮರಳನ್ನು ತೆರವು ಮಾಡಲು ಹೇಳಿದರೆ ಇನ್ನೊಂದು ಚಿತ್ರಕ್ಕಾಗಿಯೂ ಕಾಯಬಾರದು.

ಈಗ ಮರಳನ್ನು ಪರೀಕ್ಷಿಸುವ ಬಗೆ. ನೀರು ಸರಿದು ಸ್ವಲ್ಪ ಹೊತ್ತಾದ ನೆಲದ ಮೇಲೆ ಒಂದು ಹೆಜ್ಜೆಯನ್ನು ಗಟ್ಟಿಯಾಗಿ ಊರಿ, ಪಾದದ ಸುತ್ತ ಏನಾಗುತ್ತದೆಂದು ಗಮನಿಸಿ. ಅಂಗೈ ಅಗಲದಷ್ಟು ಮರಳು ಕ್ಷಣಕಾಲ ಬಿಳಿಚಿಕೊಂಡು ಒಣಗಿದಂತೆ ಕಂಡು, ಕಾಲು ತೆಗೆದ ಕೂಡಲೇ ಮತ್ತೆ ಒದ್ದೆಯಾಗಿ ಹೊಳೆದರೆ ಆ ನೆಲ ಗಟ್ಟಿಯಾಗಿದೆ ಎಂದು ತಿಳಿಯಬೇಕು. ಒತ್ತೊತ್ತಾಗಿ ಕುಳಿತ ಕಣಗಳು ಭಾರಕ್ಕೆ ಕದಲುವಾಗ ಅವುಗಳ ನಡುವಿನ ಸಂದು ಹಿಗ್ಗುತ್ತದೆ. ಮೇಲ್ಮೈಯ ನೀರು ಆ ಸಂದಿಗೆ ಇಳಿಯುವುದರಿಂದಲೇ ಮರಳು ಬಿಳಿಚಿಕೊಳ್ಳುತ್ತದೆ. ಕಣಕ್ಕೂ ಕಣಕ್ಕೂ ನಡುವೆ ಉಳಿದ ನೀರಿನ ತೆಳುವಾದ ಪೊರೆ ಅವನ್ನು ಒಂದಕ್ಕೊಂದು ಸೆಳೆದು ಹಿಡಿಯುತ್ತದೆ. ಇದಕ್ಕೆ ಬದಲಾಗಿ ಹೆಜ್ಜೆಯ ಕೆಳಗಿಂದ ನೀರು ಜಿನುಗಿ ಮೇಲಕ್ಕೆ ಬಂದು ಮರಳು ಅಲುಗಾಡಿದರೆ, ಅಲ್ಲಿ ನೀರು ಹೆಚ್ಚಾಗಿದೆ, ಕಾರು ಹೂತುಕೊಳ್ಳುತ್ತದೆ. ಉಬ್ಬರದ ಗೆರೆಗಿಂತ ಮೇಲಿನ ಒಣ ಮರಳಿನಲ್ಲಿ ಆ ಪೊರೆಯೇ ಇರುವುದಿಲ್ಲವಾದ್ದರಿಂದ ಅಲ್ಲಿಯೂ ಚಕ್ರಕ್ಕೆ ಹಿಡಿತ ಸಿಗದು. ಓಟ ನಡೆಯುವುದು ಈ ಎರಡರ ನಡುವಿನ ಪಟ್ಟಿಯಲ್ಲಿ ಮಾತ್ರ, ಮತ್ತು ಆ ಪಟ್ಟಿ ಗಂಟೆಯಿಂದ ಗಂಟೆಗೆ ಜಾಗ ಬದಲಿಸುತ್ತಿರುತ್ತದೆ. ಅಲೆಗಳು ಕೊರೆದ ಸಣ್ಣ ಸಣ್ಣ ಏಣುಗಳು ಎಲ್ಲಿ ದಟ್ಟವಾಗಿವೆ ಎಂದೂ ನೋಡಿಟ್ಟುಕೊಳ್ಳಿ, ಏಕೆಂದರೆ ಅಡ್ಡಲಾಗಿ ಕೂರಿಸಿದ ಪಟ್ಟಿ ಸ್ಪ್ರಿಂಗಿನ ಮೇಲೆ ಕುಳಿತ ಹಳೆಯ ಫೋರ್ಡ್ ಕಾರು ಅಲ್ಲಿಗೆ ಬಂದಾಗ ಮೂತಿ ಕುಣಿಸುವುದನ್ನು ನೀವು ಮೊದಲೇ ನಿರೀಕ್ಷಿಸಬಹುದು.

ಈ ನೆಲದ ಹಿಂದಿನ ಕಥೆ

ಓಟದ ಹಿಂದಿನ ದಿನವೇ ಪೆಂಡೈನ್ ತಲುಪಿ, ಅಲ್ಲಿನ ಮ್ಯೂಸಿಯಂ ಆಫ್ ಲ್ಯಾಂಡ್ ಸ್ಪೀಡ್ ನೋಡುವುದು ಒಳ್ಳೆಯದು. ಬ್ರಿಟಿಷ್ ಚಾಲಕ ಮಾಲ್ಕಂ ಕ್ಯಾಂಪ್‌ಬೆಲ್ 1924ರ ಸೆಪ್ಟೆಂಬರಿನಲ್ಲಿ ತನ್ನ ಸನ್‌ಬೀಮ್ ಕಾರಿನಲ್ಲಿ ಗಂಟೆಗೆ 146.16 ಮೈಲಿ ವೇಗದ ವಿಶ್ವದಾಖಲೆ ಮಾಡಿದ್ದು ಈ ಮರಳಿನ ಮೇಲೆಯೇ. 1926ರ ಏಪ್ರಿಲ್‌ನಲ್ಲಿ ವೇಲ್ಸ್‌ನವನೇ ಆದ ಜೆ. ಜಿ. ಪ್ಯಾರಿ-ಥಾಮಸ್, 27 ಲೀಟರ್‌ನ ಲಿಬರ್ಟಿ ವಿಮಾನ ಎಂಜಿನ್ ಹೊತ್ತ ‘ಬ್ಯಾಬ್ಸ್’ ಕಾರಿನಲ್ಲಿ ದಾಖಲೆಯನ್ನು 171.02 ಮೈಲಿಗೆ ಏರಿಸಿದ. 1927ರ ಫೆಬ್ರುವರಿಯಲ್ಲಿ ಕ್ಯಾಂಪ್‌ಬೆಲ್ ಅದನ್ನು 174.88ಕ್ಕೆ ಒಯ್ದ. ಅದನ್ನು ಮರಳಿ ಪಡೆಯಲು ಅದೇ ವರ್ಷ ಮಾರ್ಚ್ 3ರಂದು ಹೊರಟ ಪ್ಯಾರಿ-ಥಾಮಸ್ ಅಪಘಾತದಲ್ಲಿ ತೀರಿಕೊಂಡ. ಜನ ಬ್ಯಾಬ್ಸ್ ಕಾರನ್ನು ಅಲ್ಲಿಯೇ ಮರಳಿನಲ್ಲಿ ಹೂಳಿದರು. 1969ರಲ್ಲಿ ಓವೆನ್ ವಿನ್ ಓವೆನ್ ಎಂಬ ಎಂಜಿನಿಯರಿಂಗ್ ಅಧ್ಯಾಪಕರು ಅದನ್ನು ಅಗೆದು ತೆಗೆದು, ವರ್ಷಗಟ್ಟಲೆ ದುಡಿದು ಮತ್ತೆ ಓಡುವಂತೆ ಮಾಡಿದರು. ಬ್ಯಾಬ್ಸ್ ವರ್ಷವಿಡೀ ಪ್ರದರ್ಶನದಲ್ಲಿ ಇರುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ಹಾಟ್ ರಾಡ್ ಹುಟ್ಟಿದ್ದು ವೇಲ್ಸ್‌ನಲ್ಲಿ ಅಲ್ಲ, ಕ್ಯಾಲಿಫೋರ್ನಿಯಾದ ಮುರೋಕ್, ಎಲ್ ಮಿರಾಜ್‌ನಂತಹ ಒಣಗಿದ ಕೆರೆಯಂಗಳಗಳಲ್ಲಿ. ಅಮೆರಿಕದ ಕಡಲತೀರದ ಓಟವಾದರೋ ಅದಕ್ಕಿಂತಲೂ ಹಳೆಯದು. ಫ್ಲೋರಿಡಾದ ಆರ್ಮಂಡ್ ಬೀಚ್‌ನಲ್ಲಿ 1903ರಲ್ಲಿಯೇ ಕಾರುಗಳು ಸ್ಪರ್ಧಿಸಿದ್ದವು ಮತ್ತು 1906ರಲ್ಲಿ ಅಲ್ಲಿ ಸ್ಟ್ಯಾನ್ಲಿ ಕಂಪನಿಯ ಉಗಿಯಂತ್ರದ ಕಾರೊಂದು ಗಂಟೆಗೆ 127 ಮೈಲಿ ಮೀರಿ ಓಡಿತ್ತು. ಇಂದಿನ ಓಟಗಳಲ್ಲಿ ಈ ಎರಡು ಪರಂಪರೆಗಳು ಒಂದಾಗಿವೆ.

ಕಾರುಗಳನ್ನು ನೋಡುವುದು

ಓಟ ಶುರುವಾಗುವ ಮೊದಲಿನ ಒಂದೆರಡು ಗಂಟೆಯನ್ನು ಕಾರುಗಳು ಸಾಲಾಗಿ ನಿಂತ ಅಂಗಳಕ್ಕೆ ಮೀಸಲಿಡಿ. ಇಲ್ಲಿ ಕಾಣುವ ಕಾರುಗಳ ಒಡಲು ಹೆಚ್ಚಾಗಿ 1940ರ ದಶಕದವರೆಗಿನದು: ಫೋರ್ಡ್ ಮಾಡೆಲ್ ಟಿ, 1928ರಿಂದ 1931ರವರೆಗಿನ ಮಾಡೆಲ್ ಎ ಮತ್ತು ಹಾಟ್ ರಾಡ್ ಪ್ರಿಯರೆಲ್ಲರ ಕಣ್ಮಣಿಯಾದ 1932ರ ಫೋರ್ಡ್. ಮಡ್‌ಗಾರ್ಡ್, ಬಂಪರ್, ಮುಂದಿನ ಗಾಜು ಏಕೆ ಇಲ್ಲವೆಂದು ಹೊಸಬರು ಕೇಳುವುದುಂಟು. ತೂಕವನ್ನೂ ಗಾಳಿಯ ತಡೆಯನ್ನೂ ಇಳಿಸಲು ಆ ಕಾಲದ ಹುಡುಗರು ಬಿಚ್ಚಿಟ್ಟದ್ದನ್ನೇ ಇವರೂ ಬಿಚ್ಚಿಟ್ಟಿರುತ್ತಾರೆ. ಕಾರಿನ ಮೆರುಗಿಗಿಂತ ಅದರ ಬಿಡಿಭಾಗಗಳು ಒಂದೇ ಕಾಲಕ್ಕೆ ಸೇರಿದವೇ ಎಂಬುದನ್ನು ಗಮನಿಸಿ. ಬಣ್ಣ ಮಾಸಿ, ಬಾಗಿಲಿನ ಅಂಚಿನಲ್ಲಿ ತುಕ್ಕು ಕಾಣುತ್ತಿದ್ದರೂ, ಸ್ಟೀರಿಂಗ್‌ನಿಂದ ಹಿಡಿದು ಡಯಲ್‌ಗಳವರೆಗೆ ಎಲ್ಲವೂ ಆ ಕಾಲದವೇ ಆಗಿರುವ ಕಾರು, ಕನ್ನಡಿಯಂತೆ ಹೊಳೆಯುವ ಹೊಸ ಕಾರಿಗಿಂತ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಎಂಜಿನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮಾಡೆಲ್ ಎ ಕಾರಿನ ನಾಲ್ಕು ಸಿಲಿಂಡರಿನ 3.3 ಲೀಟರ್ ಎಂಜಿನ್ ಕಾರ್ಖಾನೆಯಿಂದ ಬಂದಾಗ 40 ಅಶ್ವಶಕ್ತಿಯದಾಗಿತ್ತು. ಅದರ ಮೇಲೆ ರೈಲಿ, ಕ್ರೇಗರ್‌ನಂತಹ ಹೆಸರಿನ ಹೆಡ್‌ಗಳನ್ನು (ಸಿಲಿಂಡರಿನ ಮೇಲ್ಮುಚ್ಚಳಗಳನ್ನು) ಕೂರಿಸಿ ಶಕ್ತಿ ಹೆಚ್ಚಿಸುತ್ತಿದ್ದರು. ಇಂತಹ ಎಂಜಿನ್‌ಗೆ ಹಾಟ್ ರಾಡ್ ಬಳಗದಲ್ಲಿ ‘ಬ್ಯಾಂಗರ್’ ಎಂಬ ಹೆಸರು. ಇನ್ನೊಂದು 1932ರಲ್ಲಿ ಬಂದ, ಎರಡು ಬದಿಗೆ ನಾಲ್ಕು ನಾಲ್ಕರಂತೆ ಎಂಟು ಸಿಲಿಂಡರಿನ ಫೋರ್ಡ್ ಫ್ಲ್ಯಾಟ್‌ಹೆಡ್ ವಿ8. ಮೊದಲ ವರ್ಷ ಅದರದ್ದು 3.6 ಲೀಟರ್, 65 ಅಶ್ವಶಕ್ತಿ. ಇದರ ಹೊಗೆ ಹೊರಹೋಗುವ ಹಾದಿ ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕ್‌ನ ಒಳಗೇ ಹಾದುಹೋಗುತ್ತದೆ ಮತ್ತು ಪ್ರತಿ ಬದಿಯಲ್ಲಿ ನಡುವಿನ ಎರಡು ಸಿಲಿಂಡರ್‌ಗಳಿಗೆ ಒಂದೇ ಬಾಯಿ ಇರುತ್ತದೆ. ನಾಲ್ಕು ಸಿಲಿಂಡರಿನ ಬದಿಯಿಂದ ಮೂರೇ ಕೊಳವೆ ಹೊರಬರುವುದನ್ನು ಎಣಿಸಿ ನೋಡಬಹುದು. ಎಂಜಿನ್ ಬೇಗ ಬಿಸಿಯೇರುವುದಕ್ಕೂ, ಅದರ ದನಿ ಬೇರೆ ಯಾವ ವಿ8ನಂತೆಯೂ ಕೇಳಿಸದಿರುವುದಕ್ಕೂ ಇದೇ ಕಾರಣ. ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಮೂರು ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರ್‌ಗಳು ಸಾಲಾಗಿ ಕುಳಿತಿದ್ದರೆ, ಅವುಗಳ ಬಾಯಿಗೆ ಜಾಲರಿ ಹಾಕಿದ್ದಾರೆಯೇ ಎಂದು ನೋಡಿ. ಮರಳನ್ನು ಬಲ್ಲ ಮಾಲೀಕರನ್ನು ಗುರುತಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಕೇಳಿದರೆ ಅವರು ಬಾನೆಟ್ ಎತ್ತಿ ಸಂತೋಷದಿಂದ ವಿವರಿಸುತ್ತಾರೆ. ಆದರೆ ಕೇಳದೆ ಏನನ್ನೂ ಮುಟ್ಟಬಾರದು, ಓಟಕ್ಕೆ ಕರೆ ಬಂದ ಹೊತ್ತಿನಲ್ಲಿ ಮಾತಿಗೆಳೆಯಬಾರದು.

ಓಟವನ್ನು ಓದುವುದು

ಪ್ರೇಕ್ಷಕರಿಗೆ ಗುರುತು ಮಾಡಿದ ಜಾಗದೊಳಗೇ, ಗಾಳಿ ಬೀಸುವ ಕಡೆಗೆ ಬೆನ್ನು ಬರುವಂತೆ ನಿಲ್ಲಿ. ಹಾಗೆ ನಿಂತರೆ ಚಕ್ರ ಎರಚುವ ಮರಳು ಮುಖಕ್ಕೆ ಬರುವುದಿಲ್ಲ. ಮೊದಲ ಕೆಲವು ಓಟಗಳನ್ನು ಹೊರಡುವ ಗೆರೆಯ ಹತ್ತಿರ ನೋಡಿ, ಆಮೇಲೆ ಕೊನೆಯ ಭಾಗಕ್ಕೆ ಹೋಗಿ. ಬಾವುಟ ಬಿದ್ದಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದವನ ಹಿಂದಿನ ಚಕ್ರಗಳು ಮರಳನ್ನು ಎತ್ತರಕ್ಕೆ ಚಿಮ್ಮಿಸುತ್ತವೆ. ಜನ ಅದಕ್ಕೆ ಕೇಕೆ ಹಾಕುತ್ತಾರೆ, ಆದರೆ ಆ ಕಾರು ನಿಂತಲ್ಲೇ ಗುಂಡಿ ತೋಡಿಕೊಳ್ಳುತ್ತಿರುತ್ತದೆ. ಅನುಭವಿ ಚಾಲಕ ಎರಡನೆಯ ಗೇರಿನಲ್ಲಿ, ಕ್ಲಚ್ಚನ್ನು ಹದವಾಗಿ ಬಿಟ್ಟು, ಚಕ್ರ ತುಸುವೇ ಜಾರುವಂತೆ ಹೊರಡುತ್ತಾನೆ. ಪಕ್ಕದ ಕಾರು ಮರಳು ಹಾರಿಸುತ್ತಿರುವಾಗ ಇವನು ಸದ್ದಿಲ್ಲದೆ ಎರಡು ಕಾರಿನಷ್ಟು ಮುಂದೆ ಹೋಗಿರುತ್ತಾನೆ. ವೇಗ ಏರಿದ ಮೇಲೆ ಎಂಜಿನ್ನಿನ ದನಿಯನ್ನು ಆಲಿಸಿ: ಕಾರಿನ ವೇಗ ಹೆಚ್ಚದೆ ದನಿ ಮಾತ್ರ ಏರಿದರೆ ಚಕ್ರಗಳು ಮೆದು ಮರಳಿನ ಮೇಲೆ ಜಾರುತ್ತಿವೆ ಎಂದರ್ಥ.

ಗೆರೆ ದಾಟಿದ ನಂತರದ ಭಾಗವನ್ನು ಬಹಳ ಜನ ನೋಡುವುದೇ ಇಲ್ಲ, ಅದು ದೊಡ್ಡ ನಷ್ಟ. ಫೋರ್ಡ್ ಕಂಪನಿ ತನ್ನ ಕಾರುಗಳಿಗೆ ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕ್ ಕೊಟ್ಟದ್ದೇ 1939ರ ಮಾದರಿಯಿಂದ. ಯಾವ ಬ್ರೇಕ್ ಇದ್ದರೂ ಮರಳಿನ ಮೇಲೆ ಅದನ್ನು ಥಟ್ಟನೆ ಒತ್ತಿದರೆ ಮುಂದಿನ ಚಕ್ರಗಳು ಬಿಗಿದುಕೊಂಡು ನೆಲವನ್ನು ಉಳುತ್ತವೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಆದ್ದರಿಂದ ಬಲ್ಲವರು ಆಕ್ಸಿಲರೇಟರಿನಿಂದ ಕಾಲು ತೆಗೆದು, ಮರಳೇ ವೇಗವನ್ನು ಹೀರಿಕೊಳ್ಳುವಂತೆ ಬಿಟ್ಟು, ದೊಡ್ಡ ಸುತ್ತಿನಲ್ಲಿ ತಿರುಗಿ ಬರುತ್ತಾರೆ. ಹತ್ತಾರು ಕಾರುಗಳು ಓಡಿದ ಮೇಲೆ ಹಾದಿಯಲ್ಲಿ ಗಾಲಿಯ ಜಾಡು ಆಳವಾಗುತ್ತದೆ ಮತ್ತು ಸಂಘಟಕರು ಹಾದಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ಆ ಬಿಡುವನ್ನು ಬೇಸರದಿಂದ ಕಳೆಯುವ ಬದಲು, ಹೊಸ ಗೆರೆಯನ್ನು ಎಲ್ಲಿ ಎಳೆಯಬಹುದೆಂದು ನೀವೇ ಊಹಿಸಿ ನೋಡಿ. ಓಟದ ಮರ್ಮ ತಿಳಿಯುವುದು ಅಲ್ಲಿ.

ಜೊತೆಗೆ ಒಯ್ಯಬೇಕಾದವು ಕೆಲವೇ: ಕಿವಿಗೆ ರಕ್ಷಣೆ, ಕಣ್ಣಿಗೆ ಮುಚ್ಚಿದ ಕನ್ನಡಕ, ಗಾಳಿ ತಡೆಯುವ ಅಂಗಿ, ನೀರಿಗೆ ಜಗ್ಗದ ಬೂಟು ಮತ್ತು ಕುಡಿಯುವ ನೀರು. ಕ್ಯಾಮೆರಾದ ಲೆನ್ಸನ್ನು ತೀರದ ಮೇಲೆ ಬದಲಿಸಬೇಡಿ. ಉಪ್ಪು ಬೆರೆತ ಗಾಳಿಯೂ ನವಿರಾದ ಮರಳೂ ಒಳಹೊಕ್ಕರೆ ಮತ್ತೆ ಹೊರತೆಗೆಯುವುದು ಕಷ್ಟ. ಪೆಂಡೈನ್ ತೀರ ಬ್ರಿಟನ್ನಿನ ರಕ್ಷಣಾ ಇಲಾಖೆಯ ಒಡೆತನದಲ್ಲಿದ್ದು, ಅದರ ಒಂದು ಭಾಗ ಶಸ್ತ್ರಪರೀಕ್ಷೆಗೆ ಬಳಕೆಯಾಗುತ್ತದೆ. ಬೇಲಿ ಮತ್ತು ಫಲಕಗಳನ್ನು ಮೀರಿ ಹೋಗಬಾರದು, ಮರಳಿನಲ್ಲಿ ಗುರುತು ಸಿಗದ ಲೋಹದ ವಸ್ತು ಕಂಡರೆ ಮುಟ್ಟದೆ ಸಿಬ್ಬಂದಿಗೆ ತಿಳಿಸಬೇಕು.

ಕಾರಿನ ತಂಡಕ್ಕೆ ಕೈಜೋಡಿಸುವವರಿಗೆ

ಎರಡು ಮೂರು ಸಲ ಹೋಗಿ ಬಂದವರಿಗೆ ಯಾವುದಾದರೂ ತಂಡದ ಜೊತೆ ಕೆಲಸ ಮಾಡುವ ಅವಕಾಶ ಸಿಗುವುದುಂಟು, ಅದನ್ನು ಬಿಡಬಾರದು. ಜಾಕ್ ಇಡುವ ಮೊದಲು ಅಡಿಗೆ ದಪ್ಪ ಹಲಗೆ ಹಾಕಿ, ಇಲ್ಲವಾದರೆ ಕಾರು ಮೇಲೇರುವ ಬದಲು ಜಾಕ್ ಕೆಳಗಿಳಿಯುತ್ತದೆ. ಕಾರು ನಿಂತಾಗಲೆಲ್ಲ ಎಂಜಿನ್ನಿನ ಕೆಳಗೆ ಎಣ್ಣೆ ಹೀರುವ ಹಾಸು ಹರಡಬೇಕು, ಏಕೆಂದರೆ ಹಳೆಯ ಎಂಜಿನ್‌ಗಳು ಸೋರದೆ ಇರುವುದಿಲ್ಲ ಮತ್ತು ಈ ತೀರವನ್ನು ಮುಂದಿನ ವರ್ಷವೂ ಬಿಟ್ಟುಕೊಡಬೇಕಾದರೆ ಒಂದು ಹನಿ ಎಣ್ಣೆಯೂ ಮರಳಿಗೆ ಬೀಳಬಾರದು. ಉಪಕರಣಗಳನ್ನು ನೆಲದ ಮೇಲಿಡದೆ ಪೆಟ್ಟಿಗೆಯಲ್ಲೇ ಇಡುವುದು ರೂಢಿಯಾಗಲಿ, ಮರಳು ಹತ್ತಿದ ಸ್ಪ್ಯಾನರ್ ಹಿಡಿದ ಕೈಯಿಂದಲೇ ಕಾರ್ಬ್ಯುರೇಟರಿಗೆ ಮರಳು ಹೋಗುತ್ತದೆ.

ನಿಜವಾದ ದುಡಿಮೆ ಓಟದ ನಂತರದ್ದು. ಉಪ್ಪುನೀರು ಒಣಗುವ ಮೊದಲು, ಅಂದೇ ಸಂಜೆ, ಕಾರಿನ ತಳ, ಚಾಸಿಯ ಒಳಸಂದು, ಸ್ಪ್ರಿಂಗ್‌ನ ಎಲೆಗಳ ನಡುವಿನ ಜಾಗ ಮತ್ತು ರೇಡಿಯೇಟರಿನ ಮುಂಭಾಗವನ್ನು ಸಿಹಿನೀರಿನಿಂದ ಸಾವಕಾಶವಾಗಿ ತೊಳೆಯಬೇಕು. ನೀರಿನ ರಭಸ ಹೆಚ್ಚಾದರೆ ಮರಳು ಸೀಲುಗಳ ಒಳಕ್ಕೆ ನುಗ್ಗುವುದರಿಂದ ಇಲ್ಲಿ ಒತ್ತಡಕ್ಕಿಂತ ಹೊತ್ತು ಮುಖ್ಯ. ಮನೆ ಸೇರಿದ ಮೇಲೆ ಬ್ರೇಕ್ ಡ್ರಮ್‌ಗಳನ್ನು ಬಿಚ್ಚಿ ಒಳಗಿನ ಮರಳನ್ನು ತೆಗೆದು, ಚಕ್ರದ ಬೇರಿಂಗ್‌ಗಳ ಹಳೆಯ ಗ್ರೀಸನ್ನು ಪೂರ್ತಿ ಒರೆಸಿ ಹೊಸದನ್ನು ತುಂಬಬೇಕು, ಎಂಜಿನ್ ಆಯಿಲ್ ಬದಲಿಸಬೇಕು. ಎಷ್ಟು ತೊಳೆದರೂ ಉಪ್ಪು ಎಲ್ಲೋ ಒಂದು ಕಡೆ ಉಳಿದಿರುತ್ತದೆಯಾದ್ದರಿಂದ, ಒಂದು ವಾರ ಬಿಟ್ಟು ವಿದ್ಯುತ್ ತಂತಿಗಳ ಜೋಡಣೆಗಳನ್ನೂ ಬ್ರೇಕಿನ ಕೊಳವೆಗಳನ್ನೂ ಮತ್ತೊಮ್ಮೆ ಬೆಳಕು ಹಿಡಿದು ಪರೀಕ್ಷಿಸಿ, ಹಸಿರು ಅಥವಾ ಬಿಳಿ ಪುಡಿ ಕಂಡಲ್ಲಿ ಉಜ್ಜಿ ಶುಚಿ ಮಾಡಿ, ತೆಳುವಾಗಿ ಎಣ್ಣೆ ಸವರಬೇಕು.