ಉಗುರಿನ ಅಂಚು ಮುಚ್ಚದೆ ಬಣ್ಣ ಹಚ್ಚುವವರಿಗೆ

ನನ್ನ ತಮ್ಮನ ಮಗಳು ಕಳೆದ ಬಾರಿ ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದಾಗ, ಸ್ನಾನ ಮುಗಿಸಿ ತಲೆಗೆ ಸುತ್ತಿದ ಟವಲನ್ನು ಬಿಚ್ಚುವ ಮೊದಲೇ ಮಂಚದ ಮೇಲೆ ಕುಳಿತು ಹತ್ತು ಬೆರಳುಗಳಿಗೂ ನೇಲ್ ಪಾಲಿಶ್ ಬಳಿದುಕೊಂಡಳು. ಬಳಿದುಕೊಂಡಳು ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಗೋಡೆಗೆ ಸುಣ್ಣ ಹೊಡೆಯುವವರೂ ಅಷ್ಟು ದಪ್ಪಗೆ ಹೊಡೆಯುವುದಿಲ್ಲ. ಹತ್ತು ನಿಮಿಷ ಕೈ ಝಾಡಿಸಿ, ಉಫ್ ಉಫ್ ಎಂದು ಊದಿಕೊಂಡು ಮಲಗಿಬಿಟ್ಟಳು. ಬೆಳಿಗ್ಗೆ ಏಳುವಾಗ ಉಗುರುಗಳ ಮೇಲೆ ಹೊದಿಕೆಯ ನೇಯ್ಗೆ ಅಚ್ಚೊತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಎರಡು ಬೆರಳಿನ ಬಣ್ಣ ಹಾಳೆಯಂತೆ ಎದ್ದು ಬಂದಿತ್ತು, ಅವಳ ದೂರೆಲ್ಲ ಆ ಬಾಟಲಿಯ ಮೇಲಿತ್ತು. ಅದೇ ಬಾಟಲಿಯಿಂದ ನಾನು ಹಚ್ಚಿಕೊಂಡ ಬಣ್ಣ ಆರು ದಿನ ಅಲುಗಲಿಲ್ಲ. ಇದನ್ನು ಬರೆಯಲು ಕುಳಿತದ್ದು ಆ ಸಿಟ್ಟಿನಿಂದಲೇ.

ಮುಖದ ಮಾತನ್ನು ಮೊದಲು ಬೇಗ ಮುಗಿಸುತ್ತೇನೆ, ಏಕೆಂದರೆ ಉಗುರಿನ ಬಗ್ಗೆ ಹೇಳಬೇಕಾದದ್ದು ಬಹಳವಿದೆ. ದಿನನಿತ್ಯದ ಅಲಂಕಾರಕ್ಕೆ ಹತ್ತು ಡಬ್ಬಿಗಳ ಅಗತ್ಯವಿಲ್ಲ. ತೊಳೆದು ಒತ್ತಿ ಒರೆಸಿದ ಮುಖದಲ್ಲಿ ಇನ್ನೂ ಸ್ವಲ್ಪ ತೇವವಿರುವಾಗಲೇ ತೇವ ಕಾಯುವ ಕ್ರೀಮನ್ನು ಹಚ್ಚಿ, ಹಗಲು ಹೊರಗೆ ಹೋಗುವುದಿದ್ದರೆ ಅದರ ಮೇಲೆ ಸನ್‌ಸ್ಕ್ರೀನನ್ನು ಎರಡು ಬೆರಳುದ್ದ ಹಿಂಡಿಕೊಂಡು ಮುಖಕ್ಕೂ ಕುತ್ತಿಗೆಗೂ ಸವರಿ, ಅದು ಚರ್ಮದ ಮೇಲೆ ಕೂರುವವರೆಗೆ ಬೇರೇನನ್ನೂ ಮುಟ್ಟದಿರುವುದು ಅರ್ಧ ಕೆಲಸ. ಕಡಲೆಕಾಳಿನಷ್ಟು ಹಚ್ಚಿ ಬಿಸಿಲಿಗೆ ಹೋಗುವವರಿಗೆ ಡಬ್ಬಿಯ ಮೇಲೆ ಬರೆದಷ್ಟು ರಕ್ಷಣೆ ಸಿಗುವುದಿಲ್ಲ, ಮತ್ತು ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಬೇಕು. ಫೌಂಡೇಷನ್ ಕೊಳ್ಳುವಾಗ ಮುಂಗೈಯ ಮೇಲೆ ಗೀಚಿ ನೋಡುವುದನ್ನು ದಯವಿಟ್ಟು ಬಿಡಿ. ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ದವಡೆಯ ಅಂಚಿನಲ್ಲಿ ಹಚ್ಚಿಕೊಂಡು, ಕನ್ನಡಿ ಹಿಡಿದು ಹಗಲು ಬೆಳಕಿಗೆ ಬಂದು ನೋಡಿದಾಗ ಎಲ್ಲಿ ಹಚ್ಚಿದ್ದೇವೆಂದು ಹುಡುಕಬೇಕಾಗಿ ಬಂದರೆ ಅದೇ ನಿಮ್ಮ ಬಣ್ಣ.

ಕಣ್ಣಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಕಾಡಿಗೆ ಕಡ್ಡಿಯನ್ನೂ ಮಸ್ಕಾರಾವನ್ನೂ ಅಕ್ಕತಂಗಿಯರ ಜೊತೆಯಲ್ಲೂ ಹಂಚಿಕೊಳ್ಳಬಾರದು, ಏಕೆಂದರೆ ಒಬ್ಬರ ಕಣ್ಣು ಕೆಂಪಾದರೆ ಮರುದಿನ ಇನ್ನೊಬ್ಬರದೂ ಕೆಂಪಾಗುತ್ತದೆ. ಮಸ್ಕಾರಾ ಗಟ್ಟಿಯಾಯಿತೆಂದು ಅದಕ್ಕೆ ನೀರು ಹಾಕುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೆರೆದು ಮೂರು ತಿಂಗಳಾದ ಮಸ್ಕಾರಾವನ್ನು ಮುಗಿದಿರಲಿ ಮುಗಿಯದಿರಲಿ ಎಸೆಯಬೇಕು. ಇತರ ಡಬ್ಬಿಗಳ ಹಿಂಬದಿಯಲ್ಲಿ ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರ ಇರುತ್ತದೆ, ಅದರೊಳಗೆ 6 ಅಥವಾ 12 ಎಂಬ ಅಂಕಿ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳಿಗಷ್ಟೇ ಅದರ ಆಯುಸ್ಸು ಎಂಬುದು ಅದರ ಅರ್ಥ, ಆದ್ದರಿಂದ ತೆರೆದ ದಿನಾಂಕವನ್ನು ತಳದಲ್ಲಿ ಪೆನ್ನಿನಿಂದ ಬರೆದಿಡಿ. ರಾತ್ರಿ ಇದೆಲ್ಲವನ್ನೂ ತೊಳೆಯದೆ ಮಲಗುವವರಿಗೆ ನಾನು ಹೇಳುವುದೇನೂ ಇಲ್ಲ, ಅವರ ದಿಂಬಿನ ಚೀಲವೇ ಹೇಳುತ್ತದೆ.

ಇನ್ನು ಉಗುರು. ಉಗುರು ಗಾಜಿನಂತೆ ಗಟ್ಟಿ ಎಂದು ಹುಡುಗಿಯರು ತಿಳಿದಿದ್ದಾರೆ, ನಿಜವಾಗಿ ಅದು ಪದರಪದರವಾಗಿ ಒತ್ತಿಕೊಂಡ ಕೆರಾಟಿನ್ ಎಂಬ ಪ್ರೋಟೀನ್. ನೀರಿನಲ್ಲಿ ನೆನೆದಾಗ ಅದು ನೀರು ಕುಡಿದು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಹೀಗೆ ಹಿಗ್ಗಿ ಕುಗ್ಗಿದರೆ ಪದರಗಳು ಬಿಟ್ಟುಕೊಂಡು ತುದಿ ಸೀಳುತ್ತದೆ, ಆಗ ಎಲ್ಲರೂ ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು ಮಾತ್ರೆ ಹುಡುಕಲು ಹೊರಡುತ್ತಾರೆ. ಉಗುರಿನ ಮೇಲಿನ ಬಿಳಿ ಚುಕ್ಕೆಗಳಿಗೂ ಇದೇ ಕತೆ ಕಟ್ಟುತ್ತಾರೆ; ಅವು ಸಾಮಾನ್ಯವಾಗಿ ಎಂದೋ ಉಗುರಿನ ಬುಡಕ್ಕೆ ತಗುಲಿದ ಸಣ್ಣ ಪೆಟ್ಟಿನ ಗುರುತು, ಉಗುರು ಬೆಳೆದಂತೆ ತಾವೇ ತುದಿಗೆ ಸರಿದು ಹೋಗುತ್ತವೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿಗೆ ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಕಾಲಿನ ಉಗುರಿಗೆ ಒಂದು ವರ್ಷದಿಂದ ಒಂದೂವರೆ ವರ್ಷ. ಹಾಗಾಗಿ ಇಂದು ಮಾಡಿದ ಅವಸರಕ್ಕೆ ಎಷ್ಟು ದಿನ ದಂಡ ತೆರಬೇಕೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಪಾತ್ರೆ ತೊಳೆಯುವಾಗ ಕೈಗವಸು ಹಾಕಿಕೊಳ್ಳಿ ಎಂದರೆ ಎಲ್ಲರೂ ನಗುತ್ತಾರೆ, ಹಾಕಿಕೊಂಡವರೂ ಅದನ್ನು ಸಿಂಕಿನ ಅಂಚಿನಲ್ಲಿ ಒದ್ದೆಯಾಗಿ ಎಸೆದು ಹೋಗುತ್ತಾರೆ. ಕೈಗವಸನ್ನು ಒಳಗು ಹೊರಗು ಮಾಡಿ, ಬೆರಳುಗಳನ್ನು ಊದಿ ಬಿಡಿಸಿ, ತಂತಿಗೆ ತೂಗುಹಾಕಿ ಆರಿಸದಿದ್ದರೆ ಎರಡನೆಯ ವಾರಕ್ಕೆ ಅದರೊಳಗೆ ಕೈ ಹಾಕಲು ನಿಮಗೇ ಅಸಹ್ಯವಾಗುತ್ತದೆ. ಪಾತ್ರೆ ಉಜ್ಜುವ ಸ್ಪಂಜಿಗೂ ಇದೇ ಮಾತು, ಅದನ್ನು ಹಿಂಡಿ ನಿಲ್ಲಿಸಿಡಬೇಕು. ಇರಲಿ, ಉಗುರಿಗೇ ಬರೋಣ.

ನೇಲ್ ಕಟರಿನಿಂದ ಕತ್ತರಿಸುವುದಾದರೆ ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ಕತ್ತರಿಸಿ, ಆದರೆ ಅರದಿಂದ ಉಜ್ಜುವುದು ಪೂರ್ತಿ ಆರಿದ ಮೇಲೆಯೇ ಆಗಬೇಕು. ಅರವೂ ನುಣುಪಾದದ್ದಾಗಿರಲಿ, ಕಟರಿನ ಜೊತೆಗೇ ಬರುವ ಒರಟು ಲೋಹದ ಪಟ್ಟಿ ಉಗುರಿಗೆ ಹೇಳಿಮಾಡಿಸಿದ್ದಲ್ಲ. ಪಕ್ಕದಿಂದ ನಡುವಿಗೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು, ಗರಗಸದಂತೆ ಹಿಂದೆಮುಂದೆ ಆಡಿಸಿದರೆ ಪದರ ಬಿಚ್ಚುತ್ತದೆ. ಕಾಲಿನ ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಒಳಕ್ಕೆ ಕೊರೆಯಬೇಡಿ. ಕೊರೆದರೆ ಉಗುರು ಮಾಂಸದೊಳಕ್ಕೆ ಬೆಳೆದು ಹೆಜ್ಜೆ ಊರಲಾಗದಂತೆ ಮಾಡುತ್ತದೆ. ಉಗುರಿನ ಬುಡದಲ್ಲಿ ಅಂಟಿಕೊಂಡಿರುವ ತೆಳು ಚರ್ಮವನ್ನು ಕತ್ತರಿಸಿ ತೆಗೆಯುವ ಈಗಿನ ಹುಚ್ಚನ್ನಂತೂ ನಾನು ಒಪ್ಪುವುದಿಲ್ಲ. ಅದು ಹೊರಗಿನ ಕೊಳೆ ಒಳಗಿಳಿಯದಂತೆ ಕಾಯುವ ಬಾಗಿಲು, ಅದನ್ನು ಕಿತ್ತರೆ ಉಗುರುಸುತ್ತು ಎದ್ದು ರಾತ್ರಿಯೆಲ್ಲ ಬೆರಳು ಮಿಡಿಯುತ್ತದೆ. ಎಣ್ಣೆ ಹಚ್ಚಿ ಮೆತ್ತಗಾದ ಮೇಲೆ ಟವಲಿನ ಅಂಚಿನಿಂದ ಮೆಲ್ಲಗೆ ಹಿಂದಕ್ಕೆ ಒತ್ತಿದರೆ ಸಾಕು. ಉಗುರಿನ ಪಕ್ಕದಲ್ಲಿ ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಎಳೆಯಬೇಡಿ, ಚೂಪಾದ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ.

ಈಗ ನನ್ನ ಪಾಠ. ಇದನ್ನು ನಾನು ಕಲಿತದ್ದು ನನ್ನ ಅಕ್ಕನಿಂದ. ಅವಳು ಕಚೇರಿಯಲ್ಲಿ ಬೆರಳಚ್ಚು ಯಂತ್ರದ ಮುಂದೆ ದಿನವಿಡೀ ಕುಳಿತಿರುತ್ತಿದ್ದಳು, ಕೀಲಿಗಳ ಪೆಟ್ಟಿಗೆ ಉಗುರಿನ ತುದಿಯ ಬಣ್ಣ ಒಂದೇ ದಿನದಲ್ಲಿ ಉದುರುತ್ತಿತ್ತು. ಬೇರೆಯವರಾಗಿದ್ದರೆ ಬಣ್ಣ ಹಚ್ಚುವುದನ್ನೇ ಬಿಡುತ್ತಿದ್ದರು. ಅಕ್ಕ ಮಾತ್ರ ಬಣ್ಣ ಎಲ್ಲಿಂದ ಏಳುತ್ತದೆ ಎಂದು ದಿನವೂ ಬೆಳಕಿಗೆ ಹಿಡಿದು ನೋಡಿ, ಅದು ಯಾವಾಗಲೂ ತುದಿಯಿಂದಲೇ ಏಳುತ್ತದೆ ಎಂಬುದನ್ನು ಕಂಡುಕೊಂಡು, ತುದಿಯನ್ನು ಮುಚ್ಚುವ ಉಪಾಯ ಮಾಡಿದಳು. ಅವಳು ಉಗುರು ಹಿಡಿದು ಕುಳಿತಾಗ ನಾವು ಯಾರೂ ಮಾತನಾಡುವಂತಿರಲಿಲ್ಲ, ಮೇಜು ಅಲುಗಿಸಿದರೆ ಬೈಗುಳ ಖಚಿತ.

ಮೊದಲನೆಯದಾಗಿ, ಕೈ ನೀರಿನಿಂದ ಹೊರಗೆ ಬಂದು ಒಂದು ಗಂಟೆಯಾದರೂ ಆಗಿರಬೇಕು. ನೆನೆದು ಹಿಗ್ಗಿದ ಉಗುರಿಗೆ ಬಣ್ಣ ಹಚ್ಚಿದರೆ, ಅದು ಆರಿ ಕುಗ್ಗುವಾಗ ಮೇಲಿನ ಬಣ್ಣ ಹಿಡಿತ ಬಿಡುತ್ತದೆ. ನಾನು ರಾತ್ರಿಯ ಪಾತ್ರೆಗಳೆಲ್ಲ ಮುಗಿದ ಮೇಲೆ ಅಲ್ಲ, ಮಧ್ಯಾಹ್ನ ಮನೆ ತಣ್ಣಗಿರುವಾಗ ಕುಳಿತುಕೊಳ್ಳುತ್ತೇನೆ. ಹತ್ತಿಯುಂಡೆಗೆ ಎರಡು ಹನಿ ರಿಮೂವರ್ ಹಾಕಿ ಹತ್ತು ಉಗುರುಗಳನ್ನೂ ಒರೆಸಬೇಕು, ಬಣ್ಣವಿಲ್ಲದ ಉಗುರಾದರೂ ಸರಿ, ಏಕೆಂದರೆ ಕಣ್ಣಿಗೆ ಕಾಣದ ಜಿಡ್ಡು ಅಲ್ಲಿರುತ್ತದೆ. ಒರೆಸಿದ ಮೇಲೆ ಕೆನ್ನೆ, ಕೂದಲು ಯಾವುದನ್ನೂ ಮುಟ್ಟಕೂಡದು. ಬಾಟಲಿಯನ್ನು ಮದ್ದಿನ ಶೀಸೆಯಂತೆ ಕುಲುಕಬೇಡಿ, ಗುಳ್ಳೆಗಳೇಳುತ್ತವೆ. ಎರಡು ಅಂಗೈಗಳ ನಡುವೆ ಹೊರಳಿಸಿ.

ಮೊದಲು ಬೇಸ್ ಕೋಟ್, ಅಂದರೆ ಬಣ್ಣಕ್ಕೂ ಮುಂಚೆ ಹಚ್ಚುವ ತಳಪದರ, ಅದಿಲ್ಲದೆ ಕೆಂಪು ಹಚ್ಚಿದವರ ಉಗುರು ಹಳದಿಯಾಗುತ್ತದೆ. ಬ್ರಷ್ಷಿನ ಒಂದು ಬದಿಯನ್ನು ಬಾಟಲಿಯ ಕೊರಳಿಗೆ ಒರೆಸಿ, ಇನ್ನೊಂದು ಬದಿಯಲ್ಲಿ ಒಂದೇ ಒಂದು ಹನಿ ಉಳಿಸಿಕೊಳ್ಳಿ. ಆ ಹನಿಯನ್ನು ಉಗುರಿನ ಬುಡಕ್ಕಿಂತ ಸ್ವಲ್ಪ ಮುಂದೆ ಇಳಿಸಿ, ಬ್ರಷ್ಷನ್ನು ಹಗುರವಾಗಿ ಬುಡದತ್ತ ತಳ್ಳಿ, ಚರ್ಮಕ್ಕೆ ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲಿಸಿ, ಅಲ್ಲಿಂದ ತುದಿಯವರೆಗೆ ಒಂದೇ ಎಳೆತಕ್ಕೆ ಬನ್ನಿ. ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಮೂರು ಎಳೆತಗಳಲ್ಲಿ ಮುಗಿಯಬೇಕು. ನಾಲ್ಕನೆಯದಕ್ಕೆ ಹೋದರೆ ಆರತೊಡಗಿದ ಬಣ್ಣದಲ್ಲಿ ಗೆರೆಗಳೇಳುತ್ತವೆ. ಚರ್ಮಕ್ಕೆ ಬಣ್ಣ ತಾಗಿದಲ್ಲಿ ಅದು ಚರ್ಮದೊಂದಿಗೆ ಎದ್ದು ಬರುತ್ತದೆ, ಆದ್ದರಿಂದ ಆ ಕೂದಲೆಳೆಯ ಜಾಗವನ್ನು ತುಂಬಲು ಕೈ ತುರಿಸಿದರೂ ತುಂಬಬೇಡಿ.

ಬ್ರಷ್ಷಿನಲ್ಲಿ ಇನ್ನೇನೂ ಉಳಿದಿಲ್ಲ ಎನ್ನಿಸಿದಾಗ ಬೆರಳನ್ನು ನಿಮ್ಮ ಕಡೆಗೆ ಮಡಿಸಿಕೊಂಡು, ಉಗುರಿನ ತುದಿಯ ದಪ್ಪ ಎದುರಿಗೆ ಕಾಣುವಂತೆ ಹಿಡಿಯಿರಿ. ಆ ದಪ್ಪದ ಮೇಲೆ, ಅಂದರೆ ಕತ್ತರಿಸಿದ ಅಂಚಿನ ಮೇಲೆಯೇ, ಬ್ರಷ್ಷಿನ ಬದಿಯನ್ನು ಎಡದಿಂದ ಬಲಕ್ಕೆ ಒಮ್ಮೆ ಓಡಿಸಿ. ಬಣ್ಣ ಅಂಚನ್ನು ದಾಟಿ ಕೆಳಗೆ ಒಂದಿಷ್ಟೇ ಇಷ್ಟು ಮಡಚಿಕೊಳ್ಳಬೇಕು, ಪುಸ್ತಕಕ್ಕೆ ರಟ್ಟು ಹಾಕುವಾಗ ಕಾಗದವನ್ನು ಒಳಕ್ಕೆ ಮಡಚುತ್ತೇವಲ್ಲ, ಹಾಗೆ. ಮುಚ್ಚದ ಅಂಚಿನಲ್ಲಿಯೇ ನೀರು ನುಸುಳುತ್ತದೆ, ಅಲ್ಲಿಯೇ ಪೆಟ್ಟು ಬೀಳುತ್ತದೆ. ಬೇಸ್ ಕೋಟಿಗೂ, ಎರಡು ಪದರ ಬಣ್ಣಕ್ಕೂ, ಬಣ್ಣದ ಮೇಲೆ ಕೊನೆಗೆ ಹಚ್ಚುವ ಪಾರದರ್ಶಕ ಟಾಪ್ ಕೋಟಿಗೂ, ಪ್ರತಿ ಸಲವೂ ಅಂಚು ಮುಚ್ಚಬೇಕು. ಕೊನೆಯಲ್ಲಿ ಒಂದು ಸಲ ಮಾಡಿದರಾಯಿತು ಎನ್ನುವವರು ಮಾಡದಿದ್ದರೂ ಆದೀತು. ಅಂಚು ತುಂಬ ಗಿಡ್ಡವಾಗಿದ್ದರೆ ಬೆರಳಿನ ತುದಿಯ ಮಾಂಸವನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತಿ ಹಿಡಿದರೆ ಅಂಚು ಹೊರಗೆ ಕಾಣುತ್ತದೆ.

ಬಲಗೈಯವರು ಮೊದಲು ಎಡಗೈಯಲ್ಲಿ ಬ್ರಷ್ ಹಿಡಿದು ಬಲಗೈ ಮುಗಿಸಿಕೊಳ್ಳಿ, ಕಷ್ಟದ ಕೆಲಸ ತಾಳ್ಮೆ ಇರುವಾಗಲೇ ಆಗಲಿ. ಮೊಣಕೈಯನ್ನು ಮೇಜಿಗೆ ಊರಿ, ಬ್ರಷ್ಷನ್ನು ಆದಷ್ಟು ಅಲುಗಿಸದೆ ಬೆರಳನ್ನೇ ತಿರುಗಿಸಿದರೆ ನಡುಕ ಕಾಣುವುದಿಲ್ಲ. ನನ್ನ ಕೈ ಈಗ ನಡುಗುತ್ತದೆ, ಆದರೂ ಗೆರೆ ನೆಟ್ಟಗಿರುವುದಕ್ಕೆ ಕಾರಣ ಇದು.

ಪದರಗಳ ನಡುವೆ ಐದಾರು ನಿಮಿಷ ಬಿಡಬೇಕು. ನೇಲ್ ಪಾಲಿಶ್ ಎಂದರೆ ನೈಟ್ರೋಸೆಲ್ಯುಲೋಸ್ ಎಂಬ ಪೊರೆ ಕಟ್ಟುವ ವಸ್ತುವನ್ನು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ಗಳಂತಹ ಆವಿಯಾಗುವ ದ್ರವಗಳಲ್ಲಿ ಕರಗಿಸಿದ್ದು. ದ್ರವ ಹಾರಿಹೋದಂತೆ ಉಳಿದದ್ದು ಪೊರೆಯಾಗುತ್ತದೆ. ಒಮ್ಮೆಗೇ ದಪ್ಪಗೆ ಹಚ್ಚಿದರೆ ಹಾಲಿಗೆ ಕೆನೆ ಕಟ್ಟಿದಂತೆ ಮೇಲಷ್ಟೇ ಗಟ್ಟಿಯಾಗಿ ಒಳಗಿನ ದ್ರವ ಸಿಕ್ಕಿಕೊಳ್ಳುತ್ತದೆ. ಮುಟ್ಟಿದಾಗ ಆರಿದಂತೆ ಕಂಡರೂ ಒಳಗೆ ಗಂಟೆಗಟ್ಟಲೆ ಮೆತ್ತಗೇ ಇರುತ್ತದೆ, ತಮ್ಮನ ಮಗಳ ಉಗುರಿನ ಮೇಲೆ ಹೊದಿಕೆ ಅಚ್ಚಾದದ್ದು ಹೀಗೆ. ಕೂದಲು ಒಣಗಿಸುವ ಬಿಸಿಗಾಳಿಯ ಯಂತ್ರವನ್ನು ತರಬೇಡಿ, ಗುಳ್ಳೆ ಬರುತ್ತದೆ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತುಕೊಳ್ಳಲು ಬಾರದವರು ಬಣ್ಣ ಹಚ್ಚುವುದು ಬೇಡ. ಎರಡು ಮೂರು ದಿನಕ್ಕೊಮ್ಮೆ ಟಾಪ್ ಕೋಟನ್ನು ಮತ್ತೆ ತೆಳುವಾಗಿ ಎಳೆದು ಅಂಚನ್ನು ಮುಚ್ಚಿದರೆ ವಾರ ಸಲೀಸಾಗಿ ಕಳೆಯುತ್ತದೆ. ಡಬ್ಬಿಯ ಮುಚ್ಚಳಕ್ಕೆ ಉಗುರು ಹಾಕಿ ಮೀಟಬೇಡಿ, ಚಮಚದ ಹಿಡಿಕೆ ಇರುವುದು ಅದಕ್ಕೇ.

ತೆಗೆಯುವಾಗಲೂ ಅವಸರ ಸಲ್ಲದು. ಎದ್ದ ಮೂಲೆಯನ್ನು ಹಿಡಿದು ಸುಲಿದರೆ ಉಗುರಿನ ಮೇಲ್ಪದರವೂ ಜೊತೆಗೆ ಬರುತ್ತದೆ. ರಿಮೂವರಿನಲ್ಲಿ ನೆನೆಸಿದ ಹತ್ತಿಯನ್ನು ಉಗುರಿನ ಮೇಲೆ ಒತ್ತಿ ಇಪ್ಪತ್ತು ಎಣಿಸಿ, ಬುಡದಿಂದ ತುದಿಗೆ ಒಂದೇ ಸಲ ಎಳೆಯಿರಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆಯಾಗಲಿ ದೀಪವಾಗಲಿ ಉರಿಯುತ್ತಿರಬಾರದು, ರಿಮೂವರಿನಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ತಟ್ಟನೆ ಹೊತ್ತಿಕೊಳ್ಳುವ ವಸ್ತು. ಆಮೇಲೆ ಕೈ ತೊಳೆದು ಎಣ್ಣೆ ತಿಕ್ಕಿ, ಎರಡು ಮೂರು ದಿನ ಉಗುರನ್ನು ಹಾಗೆಯೇ ಬಿಡಿ. ಬರಿ ಉಗುರನ್ನು ಆಗಾಗ ನೋಡಿಕೊಳ್ಳುವುದೂ ಬೇಕು. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಎದ್ದು ಅಗಲವಾಗುತ್ತ ಹೋದರೆ ಅದರ ಮೇಲೆ ಬಣ್ಣ ಹಚ್ಚಿ ಮರೆಸದೆ ಚರ್ಮದ ವೈದ್ಯರಿಗೆ ತೋರಿಸಬೇಕು. ಶಸ್ತ್ರಚಿಕಿತ್ಸೆಗೆ ಹೋಗುವವರು ಬಣ್ಣ ತೆಗೆದೇ ಹೋಗಿ, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಸಾಧನ ಗಾಢ ಬಣ್ಣದ ಮೂಲಕ ತಪ್ಪು ಓದಬಹುದು.

ನೇರಳಾತೀತ (ಯುವಿ) ಬೆಳಕಿನ ದೀಪದ ಕೆಳಗೆ ಗಟ್ಟಿಯಾಗಿಸುವ ಜೆಲ್ ಬಣ್ಣವನ್ನು ಮನೆಯಲ್ಲಿ ಹಚ್ಚಿಕೊಳ್ಳುವುದು ನನಗೆ ಇಷ್ಟವಿಲ್ಲ. ಪೂರ್ತಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುತ್ತಿದ್ದರೆ ಅದರಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕಗಳಿಗೆ ಅಲರ್ಜಿ ಹುಟ್ಟಬಹುದು, ಹುಟ್ಟಿದ ಮೇಲೆ ಅದು ಸಾಮಾನ್ಯವಾಗಿ ಜೀವನಪರ್ಯಂತ ಇರುತ್ತದೆ.

ಕೊನೆಗೆ ಬಾಟಲಿ. ಮುಚ್ಚುವ ಮೊದಲು ಕೊರಳನ್ನು ರಿಮೂವರ್ ತಾಗಿಸಿದ ಹತ್ತಿಯಿಂದ ಒರೆಸಿ, ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿ. ಬಣ್ಣ ಗಟ್ಟಿಯಾದರೆ ಅದಕ್ಕೆಂದೇ ಸಿಗುವ ಥಿನ್ನರ್ ಎರಡು ಹನಿ ಹಾಕಿ. ರಿಮೂವರ್ ಸುರಿದರೆ ಬಣ್ಣ ಕೆಡುತ್ತದೆ. ತಮ್ಮನ ಮಗಳು ಬಿಟ್ಟುಹೋದ ಆ ಬಾಟಲಿಯ ಕೊರಳಲ್ಲಿ ಬಣ್ಣ ಹೆಪ್ಪುಗಟ್ಟಿ ಮುಚ್ಚಳ ಕಚ್ಚಿಕೊಂಡಿತ್ತು, ತಲೆಕೆಳಗಾಗಿ ಹಿಡಿದು ಮುಚ್ಚಳವನ್ನಷ್ಟೇ ಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ಅದ್ದಿ, ಒಣಬಟ್ಟೆಯಲ್ಲಿ ಹಿಡಿದು ತಿರುಗಿಸಿದ ಮೇಲೆ ತೆರೆಯಿತು. ಅರ್ಧ ಬಾಟಲಿ ಇನ್ನೂ ಉಳಿದಿದೆ, ಅದು ಈಗ ನನ್ನದು.